ಮಣ್ಣಿನ ಋಣಭಾರ

ಮಾರತ್ತಹಳ್ಳಿ ಸೇತುವೆ ಬಳಿ ಹೆಬ್ಬಾಳದ ಕಡೆ ಹೋಗುವ 500ಡಿ ಬಸ್ಸು ಹತ್ತಿದರೆ, ರಿಂಗ್ ರೋಡಿನ ಟ್ರಾಫಿಕ್ಕು ಕರುಣೆ ತೋರಿದ ದಿನ ಅರ್ಧ ಗಂಟೆಯೊಳಗೆ ಕಂಡಕ್ಟರ್ ‘ಟಿನ್ ಫ್ಯಾಕ್ಟರಿ, ಯಾರ್ರೀ ಟಿನ್ ಫ್ಯಾಕ್ಟರಿ’ ಎಂದು ಕೂಗುತ್ತಾರೆ. ಅಲ್ಲಿ ಇಳಿಯುವ ನೂರು ಮಂದಿಯಲ್ಲಿ ಆ ಫ್ಯಾಕ್ಟರಿಯ ಗೇಟು ಯಾವ ಕಡೆಗಿತ್ತು ಎಂದು ಹೇಳಬಲ್ಲವರು ಒಬ್ಬರೂ ಸಿಗಲಿಕ್ಕಿಲ್ಲ. ಅದೇ ಸೇತುವೆಯಿಂದ ಪೂರ್ವಕ್ಕೆ, ಕುಂದಲಹಳ್ಳಿ ಕಡೆ ಹೊರಟರೆ ‘ಗ್ರಾಫೈಟ್ ಇಂಡಿಯಾ’ ಸಿಗ್ನಲ್. ಕಾರ್ಖಾನೆ ಮುಚ್ಚಿ ವರ್ಷಗಳಾದವು, ಸಿಗ್ನಲ್ಲು ಇನ್ನೂ ಅದರ ಹೆಸರಿನಲ್ಲೇ ಕೆಂಪು ಹಸಿರು ಆಗುತ್ತಿದೆ. ಬೈಯಪ್ಪನಹಳ್ಳಿಯಲ್ಲಿ ಎನ್‌ಜಿಇಎಫ್, ಪಶ್ಚಿಮದಲ್ಲಿ ಬಿನ್ನಿ ಮಿಲ್, ಹಸಿರು ಮಾರ್ಗದ ಮೆಟ್ರೊದಲ್ಲಿ ಸ್ಯಾಂಡಲ್ ಸೋಪ್ ಫ್ಯಾಕ್ಟರಿ. ಇಷ್ಟರಲ್ಲಿ ಹೆಸರಿಗೆ ತಕ್ಕಂತೆ ಇಂದಿಗೂ ಗಂಧ ಬೀರುತ್ತಿರುವುದು ಕೊನೆಯದೊಂದೇ.

ಊರಿನ ಬಾಯಲ್ಲಿ ಹೀಗೆ ಉಳಿದುಕೊಂಡ ನೆನಪು ಊರಿನ ಕಾಗದಪತ್ರದಲ್ಲಿ ಇಲ್ಲ ಎಂದು ನನಗೆ ತಿಳಿದಿದ್ದು ಪರಿಚಿತರೊಬ್ಬರು ದೊಡ್ಡನೆಕ್ಕುಂದಿ ಕಡೆ ಫ್ಲ್ಯಾಟ್ ಕೊಳ್ಳಲು ಹೊರಟಾಗ. ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದವರೆಗೆ 13 ನಿಲ್ದಾಣಗಳ ನೀಲಿ ಮಾರ್ಗ ಬರುತ್ತದೆ. ಮಾರತ್ತಹಳ್ಳಿ, ಇಸ್ರೊ, ದೊಡ್ಡನೆಕ್ಕುಂದಿ ಮೂರೂ ಅದರ ನಿಲ್ದಾಣಗಳು. ‘ನಡೆದುಕೊಂಡೇ ಹೋಗಬಹುದು ಸಾರ್’ ಎಂಬುದು ಮಾರಾಟದ ಹುಡುಗನ ಮೊದಲ ಮಾತು, ಕೊನೆಯ ಮಾತು. ಪರಿಚಿತರು ಕಂತೆ ತಂದು ನನ್ನ ಮುಂದೆ ಹರಡಿದರು. ಮದರ್ ಡೀಡ್, ಖಾತೆ, ಭೂಪರಿವರ್ತನೆಯ ಆದೇಶ, ಮಂಜೂರಾದ ನಕ್ಷೆ, ರೇರಾ ನೋಂದಣಿ, 30 ವರ್ಷದ ಇ.ಸಿ., ಮೇಲೆ ವಕೀಲರ ಅಭಿಪ್ರಾಯ. ಎಲ್ಲ ನೆಟ್ಟಗಿತ್ತು. ‘ಇಲ್ಲಿ ಮೊದಲು ಏನಿತ್ತು?’ ಎಂದು ಕೇಳಿದೆ. ‘ಏನೋ ಇಂಡಸ್ಟ್ರಿ ಇತ್ತಂತೆ, ಕನ್ವರ್ಷನ್ ಆಗಿದೆ’ ಅಂದರು. ಹುಡುಗನನ್ನೇ ಫೋನಿನಲ್ಲಿ ಕೇಳಿದೆವು. ‘ಸಾಯಿಲ್ ಟೆಸ್ಟ್ ಆಗಿದೆ ಸಾರ್, ನಿಶ್ಚಿಂತೆಯಿಂದಿರಿ.’

ಅವನು ಸುಳ್ಳು ಹೇಳಲಿಲ್ಲ. ಆಗಿದ್ದ ಟೆಸ್ಟು ಬೇರೆಯದು, ಅಷ್ಟೆ. ಕಟ್ಟಡ ಕಟ್ಟುವವರು ಮಾಡಿಸುವ ಮಣ್ಣಿನ ಪರೀಕ್ಷೆಯಲ್ಲಿ ನೆಲ ಎಷ್ಟು ಭಾರ ಹೊರಬಲ್ಲದು, ಬಂಡೆ ಎಷ್ಟು ಆಳಕ್ಕೆ ಸಿಗುತ್ತದೆ, ಅಂತರ್ಜಲ ಎಲ್ಲಿದೆ ಎಂದು ನೋಡುತ್ತಾರೆ. ಮಣ್ಣು ಏನನ್ನು ಹೊರಬಲ್ಲದು ಎಂಬ ಪ್ರಶ್ನೆ ಅದು. ಈಗಾಗಲೇ ಏನನ್ನು ಹೊತ್ತುಕೊಂಡಿದೆ ಎಂಬುದನ್ನು ಅಲ್ಲಿ ಯಾರೂ ಕೇಳುವುದಿಲ್ಲ. 20 ಸಾವಿರ ಚದರ ಮೀಟರ್ ಮೀರಿದ ಕಟ್ಟಡಕ್ಕೆ ಪರಿಸರ ಅನುಮತಿ ಬೇಕು, ಅಲ್ಲಿ ಮಣ್ಣು ನೀರಿನ ಮಾದರಿ ಕೊಡುತ್ತಾರೆ, ನಿಜ. ಆದರೆ ಸಾಮಾನ್ಯವಾಗಿ ಅದು ಆಮ್ಲೀಯತೆ, ಸಾರಜನಕ, ಪೊಟ್ಯಾಷ್ ಎಂದು ರೈತ ಕೇಳುವ ಪ್ರಶ್ನೆಗಳಿಗೆ ಉತ್ತರ ಹೇಳುತ್ತದೆ. ನಾಲ್ಕು ದಶಕ ಆಸಿಡ್ ತೊಟ್ಟಿ ಇದ್ದ ಮೂಲೆಯಲ್ಲಿ ಅಗೆದು ನೋಡಿದರೇ ಎಂದರೆ ಆ ಮೂಲೆ ಎಲ್ಲಿತ್ತೆಂದೇ ನಕ್ಷೆಯಲ್ಲಿ ಇರುವುದಿಲ್ಲ.

ಇ.ಸಿ. ಎಂದರೆ ಋಣಭಾರ ಪ್ರಮಾಣಪತ್ರ. ಸ್ವತ್ತಿನ ಮೇಲೆ ವಹಿವಾಟು ದಾಖಲಾಗಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ಯಾವ ಬ್ಯಾಂಕಿಗೆ ಅಡವಿಟ್ಟರು, ಯಾರಿಗೆ ಮಾರಿದರು, ಸಾಲ ತೀರಿತೇ ಎಲ್ಲ ಅದರಲ್ಲಿ ಸಿಗುತ್ತದೆ. ಮನುಷ್ಯರು ಮನುಷ್ಯರಿಗೆ ಉಳಿಸಿಕೊಂಡ ಸಾಲದ ಲೆಕ್ಕ ಇಷ್ಟು ಚೊಕ್ಕಟವಾಗಿ ಇಡುವ ನಾವು, ಕಾರ್ಖಾನೆ ಮಣ್ಣಿಗೆ ಉಳಿಸಿಹೋದ ಬಾಕಿಯನ್ನು ಯಾವ ನಮೂನೆಯಲ್ಲೂ ಬರೆಯುವುದಿಲ್ಲ. ಇದರಲ್ಲಿ ಒಂದು ವಿಚಿತ್ರವಿದೆ. ಹಳ್ಳಿಯ ಪಹಣಿಯಲ್ಲಿ ‘ಮಣ್ಣಿನ ನಮೂನೆ’ ಎಂದು ಒಂದು ಕಲಮೇ ಇದೆ, ‘ಋಣಗಳು’ ಎಂದು ಇನ್ನೊಂದಿದೆ. ರಾಗಿ ಬೆಳೆಯುತ್ತಿದ್ದಾಗ ಸರ್ಕಾರಕ್ಕೆ ಮಣ್ಣು ಕೆಂಪೋ ಕಪ್ಪೋ ಬೇಕಿತ್ತು, ಕಂದಾಯ ಅದರ ಮೇಲೆ ನಿಂತಿತ್ತು. ಹೊಲ ಕನ್ವರ್ಷನ್ ಆದ ದಿನ ಜಾಗ ಚದರಡಿಯಾಯಿತು, ಮಣ್ಣಿನ ಕಲಮು ಹೋಯಿತು. ಮಣ್ಣಿಗೆ ಏನಾದರೂ ಆಗುವುದು ಶುರುವಾದದ್ದೇ ಆ ದಿನದಿಂದ.

ಗ್ರಾಫೈಟ್ ಇಂಡಿಯಾ ಜಾಗದ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮಾರತ್ತಹಳ್ಳಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಇನ್ನೊಂದಿಲ್ಲ. ಉಕ್ಕಿನ ಗುಜರಿಯನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಲು ಕಂಬದಂಥ ದಪ್ಪ ಗ್ರಾಫೈಟ್ ಎಲೆಕ್ಟ್ರೋಡ್‌ಗಳು ಬೇಕು. ಪೆಟ್ರೋಲಿಯಂ ಕೋಕ್ ಪುಡಿಗೆ ಕಲ್ಲಿದ್ದಲ ಡಾಂಬರಿನಿಂದ ಬರುವ ಅಂಟು ಪಿಚ್ ಕಲಸಿ, ಅಚ್ಚಿಗೆ ಒತ್ತಿ, ಬೇಯಿಸಿ, ಮತ್ತೆ ಪಿಚ್ ಕುಡಿಸಿ, ಮತ್ತೆ ಬೇಯಿಸಿ, ಕೊನೆಗೆ 3 ಸಾವಿರ ಡಿಗ್ರಿಯ ಹತ್ತಿರದ ಶಾಖಕ್ಕೆ ಒಡ್ಡಿದರೆ ಎಲೆಕ್ಟ್ರೋಡ್ ಸಿದ್ಧ. ವೈಟ್‌ಫೀಲ್ಡ್ ಎಂದರೆ ದೂರದ ಊರು ಎಂದಿದ್ದ ಕಾಲದಲ್ಲಿ ಬಂದ ಕಾರ್ಖಾನೆ ಅದು. ಆಮೇಲೆ ಐಟಿಪಿಎಲ್ ಬಂತು, ಬ್ರೂಕ್‌ಫೀಲ್ಡ್ ಬಂತು, ಸುತ್ತ ಅಪಾರ್ಟ್‌ಮೆಂಟುಗಳು ಎದ್ದವು. ಬಾಲ್ಕನಿಯಲ್ಲಿ ಒಣಹಾಕಿದ ಬಟ್ಟೆಯ ಮೇಲೆ, ಟೈಲ್ಸ್ ಮೇಲೆ, ಕಿಟಕಿಯ ಅಂಚಿನಲ್ಲಿ ಕಪ್ಪು ಮಸಿ. ಬರಿಗಾಲಲ್ಲಿ ಓಡಾಡಿದ ಮಗುವಿನ ಅಂಗಾಲು ಕಪ್ಪು. ನಿವಾಸಿಗಳು ದೂರು ಕೊಟ್ಟರು, ಮಾದರಿ ಕಳಿಸಿದರು, ಮೆರವಣಿಗೆ ಮಾಡಿದರು, ಜಗಳ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಪರವಾನಗಿ ನವೀಕರಿಸಲಿಲ್ಲ. 2019ರ ಆರಂಭದಲ್ಲಿ ಕಾರ್ಖಾನೆ ಮುಚ್ಚಿತು. ಬೆಂಗಳೂರಿನ ನಿವಾಸಿಗಳು ಗೆದ್ದ ಕೆಲವೇ ಪರಿಸರ ಹೋರಾಟಗಳಲ್ಲಿ ಅದೂ ಒಂದು.

ಮುಂದೆ 2023ರ ಮಾರ್ಚ್ 25ರಂದು ಕೆ.ಆರ್. ಪುರದಿಂದ ವೈಟ್‌ಫೀಲ್ಡಿಗೆ ನೇರಳೆ ಮಾರ್ಗ ತೆರೆಯಿತು. ಅಕ್ಟೋಬರ್ 9ರಂದು ಬೈಯಪ್ಪನಹಳ್ಳಿಯ ಕೊಂಡಿಯೂ ಕೂಡಿಕೊಂಡಿತು. ಗರುಡಾಚಾರ್‌ಪಾಳ್ಯ, ಹೂಡಿ, ಸೀತಾರಾಮಪಾಳ್ಯ, ಕುಂದಲಹಳ್ಳಿ ಎಂದು ಸಾಲುಸಾಲು ನಿಲ್ದಾಣ. ಕೆಲವೇ ತಿಂಗಳಲ್ಲಿ, ದೊಡ್ಡನೆಕ್ಕುಂದಿ ಕೈಗಾರಿಕಾ ಪ್ರದೇಶದಲ್ಲಿದ್ದ ಗ್ರಾಫೈಟ್ ಇಂಡಿಯಾದ 25.3 ಎಕರೆಯನ್ನು ಟಾಟಾ ರಿಯಾಲ್ಟಿಯ ಅಂಗಸಂಸ್ಥೆ 986 ಕೋಟಿ ರೂಪಾಯಿಗೆ ಕೊಂಡ ಸುದ್ದಿ ಬಂತು. ಎಕರೆಗೆ ಹತ್ತಿರ ಹತ್ತಿರ 39 ಕೋಟಿ. ಕಟ್ಟಡ ಬಿಡಿ, ಬರೀ ನೆಲಕ್ಕೆ ಚದರಡಿಗೆ 9 ಸಾವಿರ ರೂಪಾಯಿಯ ಆಸುಪಾಸು. ಅಲ್ಲಿ ಏಳುವುದು ಟೆಕ್ ಪಾರ್ಕ್.

ಇಡೀ ಪ್ರಕರಣದಲ್ಲಿ ನನಗೆ ಕಾಣುವ ಕೊರತೆ ಒಂದೇ. ಹೋರಾಟವೆಲ್ಲ ಗಾಳಿಯದಾಗಿತ್ತು. ಚಿಮಣಿ ಆರಿತು, ಮಸಿ ನಿಂತಿತು, ನಮ್ಮ ಪಾಲಿಗೆ ಪ್ರಕರಣ ಮುಗಿಯಿತು. ಮಣ್ಣಿನ ಮಾತು ಬೀದಿಯಲ್ಲೂ ಬರಲಿಲ್ಲ, ಸುದ್ದಿಯಲ್ಲೂ ಬರಲಿಲ್ಲ. ಪಿಚ್ ಬೇಯಿಸುವ ಉದ್ಯಮ ಜಗತ್ತಿನ ಯಾವ ಮೂಲೆಯಲ್ಲಿದ್ದರೂ ನೆಲದಲ್ಲಿ ಹುಡುಕುವ ವಸ್ತುಗಳ ಒಂದು ಪಟ್ಟಿ ಇದೆ: ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೋಕಾರ್ಬನ್ ಎಂಬ ಉದ್ದ ಹೆಸರಿನ ಕುಟುಂಬ. ಅದರ ಕುಖ್ಯಾತ ಸದಸ್ಯ ಬೆಂಜೊಪೈರೀನ್, ಕ್ಯಾನ್ಸರ್ ತರುವುದು ಖಚಿತವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮೊದಲ ಗುಂಪಿಗೆ ಸೇರಿಸಿರುವ ವಸ್ತು. ಈ 25 ಎಕರೆಯಲ್ಲಿ ಅದು ಇದೆ ಎಂದು ನಾನು ಹೇಳುತ್ತಿಲ್ಲ. ಅಂಥ ಜಾಗಕ್ಕೆ ಕೇಳಲೇಬೇಕಾದ ಪ್ರಶ್ನೆ ಇದು ಎಂದಷ್ಟೇ ಹೇಳುತ್ತಿದ್ದೇನೆ. ಟೆಕ್ ಪಾರ್ಕ್ ಆದರೆ ಆ ಪ್ರಶ್ನೆ ಕೇಳುವವರಾದರೂ ಇರುತ್ತಾರೆ. ಬಾಡಿಗೆಗೆ ಬರುವ ಬಹುರಾಷ್ಟ್ರೀಯ ಕಂಪನಿಗಳ ವಕೀಲರಿಗೆ ಜಾಗದ ಪೂರ್ವಚರಿತ್ರೆ ಕೆದಕುವ ರೂಢಿಯಿದೆ, ಅವರ ದೇಶದ ಕಾನೂನು ಅವರಿಗೆ ಆ ಭಯ ಕಲಿಸಿದೆ. ದಿನಕ್ಕೆ ಒಂಬತ್ತು ತಾಸು ಎ.ಸಿ. ಕೋಣೆಯಲ್ಲಿ ಕೂರುವವನ ಪರವಾಗಿ ಪ್ರಶ್ನೆ ಏಳುತ್ತದೆ. ಇಪ್ಪತ್ನಾಲ್ಕು ತಾಸೂ ಅಲ್ಲೇ ಇದ್ದು, ಮಣ್ಣಲ್ಲಿ ಆಡಿ, ಬೋರ್‌ವೆಲ್ ನೀರಲ್ಲಿ ಮೀಯುವ ಮಗುವಿನ ಪರವಾಗಿ ಏಳುವುದಿಲ್ಲ.

ಮಣ್ಣಿನಲ್ಲಿ ಕೂತದ್ದು ಮನುಷ್ಯನ ಮೈ ಸೇರುವುದಾದರೂ ಹೇಗೆ? ಮೇಲೆ ಕಾಂಕ್ರೀಟು ಹಾಸಿದರೆ ಆಗಲಿಲ್ಲವೇ ಎಂದು ಕೇಳುವವರಿದ್ದಾರೆ. ಕೆಲವೊಮ್ಮೆ ನಿಜಕ್ಕೂ ಆಗುತ್ತದೆ. ಸೀಸದಂಥ ಲೋಹ ಮೇಲ್ಮಣ್ಣಿನಲ್ಲಿ ಅಂಟಿಕೊಂಡು ಕೂರುವ ಸ್ವಭಾವದ್ದು. ಮುಟ್ಟದೆ, ದೂಳೇಳದಂತೆ ಮುಚ್ಚಿಟ್ಟರೆ ಅದರ ಪಾಡಿಗೆ ಅದು. ಆದರೆ ಎಲ್ಲ ವಿಷದ ಸ್ವಭಾವವೂ ಒಂದೇ ಅಲ್ಲ.

ಪೀಣ್ಯದ ಕ್ರೋಮಿಯಂ ತೆಗೆದುಕೊಳ್ಳಿ. ನಲ್ಲಿ, ಬೈಕಿನ ಹ್ಯಾಂಡಲ್ಲು, ಬೋಲ್ಟು ನಟ್ಟು ಹೊಳೆಯುವುದು ಎಲೆಕ್ಟ್ರೋಪ್ಲೇಟಿಂಗ್‌ನಿಂದ. ಆ ತೊಟ್ಟಿಯ ಹಳದಿ ನೀರಲ್ಲಿರುವುದು ಹೆಕ್ಸಾವೇಲೆಂಟ್ ಕ್ರೋಮಿಯಂ. ಅದರ ಸೋದರ, ಟ್ರೈವೇಲೆಂಟ್ ರೂಪದ ಕ್ರೋಮಿಯಂ, ಮಣ್ಣಿಗೆ ಅಂಟಿ ಸುಮ್ಮನಿರುತ್ತದೆ. ಇದು ಮಾತ್ರ ನೀರಿನ ಜೊತೆ ಹೊರಟುಬಿಡುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂಗಿಂತ ಹೆಚ್ಚು ಕ್ರೋಮಿಯಂ ಇರಬಾರದೆಂಬುದು ಭಾರತೀಯ ಮಾನಕ. ಪೀಣ್ಯದ ಬೋರ್‌ವೆಲ್‌ಗಳಲ್ಲಿ ಅದಕ್ಕೂ ಮೀರಿ ಸಿಕ್ಕಿದೆ ಎಂಬುದು ಅಲ್ಲಿನವರಿಗೆ ಬಹಳ ಹಿಂದಿನಿಂದ ಗೊತ್ತಿರುವ ಸಂಗತಿ; ಹಳದಿ ನೀರು ಬಂತೆಂದು ಬೋರ್ ಮುಚ್ಚಿದ ಕಥೆ ಪ್ರತಿ ಕ್ರಾಸಿನಲ್ಲೂ ಕೇಳಬಹುದು. ಆ ಪೀಣ್ಯದ ನೆತ್ತಿಯ ಮೇಲೆ 2014ರ ಮಾರ್ಚ್‌ನಿಂದ ಮೆಟ್ರೊ ಓಡುತ್ತಿದೆ. ಪೀಣ್ಯ, ಪೀಣ್ಯ ಇಂಡಸ್ಟ್ರಿ, ಎರಡು ನಿಲ್ದಾಣ. ಶೆಡ್ಡುಗಳು ಒಂದೊಂದಾಗಿ ದಾಬಸ್‌ಪೇಟೆ, ತುಮಕೂರು ಕಡೆ ಸರಿಯುತ್ತಿವೆ. ಖಾಲಿಯಾದ ಜಾಗಕ್ಕೆ ಕಣ್ಣು ಹಾಕಿದವರಿಗೆ ಕೊರತೆಯಿಲ್ಲ.

ಇನ್ನೊಂದು ಜಾತಿ ಇದೆ, ಅದಕ್ಕೆ ಬಣ್ಣವೂ ಇಲ್ಲ. ಲೋಹದ ಬಿಡಿಭಾಗಗಳ ಗ್ರೀಸು ತೆಗೆಯಲು ಬಳಸುತ್ತಿದ್ದ ಟ್ರೈಕ್ಲೋರೊಎಥಿಲೀನ್‌ನಂಥ ದ್ರಾವಕಗಳು. ನೀರಿಗಿಂತ ಭಾರವಾದ್ದರಿಂದ ಅಂತರ್ಜಲದಲ್ಲಿ ತೇಲದೆ ಇನ್ನೂ ಕೆಳಕ್ಕಿಳಿದು ಬಂಡೆಯ ಬಿರುಕು ಸೇರುತ್ತವೆ. ಬೆಂಗಳೂರಿನ ತಳ ಬಿರುಕುಬಿಟ್ಟ ನೈಸ್ ಶಿಲೆ. ಬೋರ್‌ವೆಲ್‌ಗೆ ನೀರು ಬರುವುದೇ ಆ ಬಿರುಕುಗಳಿಂದ. ಸಾಲದ್ದಕ್ಕೆ ಈ ದ್ರಾವಕಗಳು ಆವಿಯಾಗಿ ಮಣ್ಣಿನ ಸಂದಿಯಿಂದ ಮೇಲೇರಿ, ಪಾಯದ ಸೀಳಿನಿಂದ ಮುಚ್ಚಿದ ಕೋಣೆಯೊಳಗೆ ಸೇರಬಲ್ಲವು. ಕಾಂಕ್ರೀಟು ಹಾಸಿದರೆ ಸಾಕು ಎನ್ನುವವರಿಗೆ ಇದೇ ಉತ್ತರ.

ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಬೇರೆಯೇ ಪ್ರಶ್ನೆ ಎತ್ತುತ್ತದೆ. 1956ರಲ್ಲಿ ಹುಟ್ಟಿ, ಜರ್ಮನಿಯ ಎಇಜಿ ಜೊತೆ ಸೇರಿ ಮೋಟಾರು, ಟ್ರಾನ್ಸ್‌ಫಾರ್ಮರ್ ಮಾಡಿ, 2002ರಲ್ಲಿ ಬಾಗಿಲು ಹಾಕಿದ ಸರ್ಕಾರಿ ಕಾರ್ಖಾನೆ. ಅದಾಗಿ ಒಂಬತ್ತು ವರ್ಷಕ್ಕೆ, 2011ರ ಅಕ್ಟೋಬರ್‌ನಲ್ಲಿ, ನಮ್ಮ ಮೆಟ್ರೊದ ಮೊದಲ ರೈಲು ಹೊರಟಿದ್ದು ಅದರ ಮಗ್ಗುಲಿನಿಂದಲೇ. ಮೆಟ್ರೊ, ರೈಲು, ಹಳೇ ಮದ್ರಾಸ್ ರಸ್ತೆ ಮೂರೂ ಕೂಡುವ ಕಡೆ ನೂರು ಎಕರೆಯಷ್ಟು ಸರ್ಕಾರಿ ಜಾಗ! ಮನೆ ಕಟ್ಟಲು ಇದಕ್ಕಿಂತ ಒಳ್ಳೆಯ ತಾಣ ಊರಲ್ಲಿ ಮತ್ತೊಂದಿಲ್ಲ. ಸರ್ಕಾರ ಅಲ್ಲಿ 65 ಎಕರೆಯ ವೃಕ್ಷೋದ್ಯಾನ ಮಾಡುವುದಾಗಿ ಹೇಳಿದೆ. ಉದ್ಯಾನವೂ ಬೇಕು, ಅದರ ಮೇಲೆ ನನಗೆ ಮುನಿಸಿಲ್ಲ. ಆದರೆ ಮನೆಯಾಗಲಿ, ಮರವಾಗಲಿ, ಟ್ರಾನ್ಸ್‌ಫಾರ್ಮರ್ ಮಾಡಿದ ಅಂಗಳದಲ್ಲಿ ಮೊದಲು ಕೇಳುವ ಮಾತು ಎಣ್ಣೆಯದ್ದು. ಒಂದು ಕಾಲದಲ್ಲಿ ಜಗತ್ತಿನೆಲ್ಲೆಡೆ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಪಿಸಿಬಿ ಎಂಬ ರಾಸಾಯನಿಕ ಬಳಕೆಯಲ್ಲಿತ್ತು. ಬೆಂಕಿ ಹತ್ತದು, ಕೆಡದು ಎಂಬುದೇ ಅದರ ಗುಣವಾಗಿತ್ತು. ಮಣ್ಣಿಗೆ ಬಿದ್ದರೂ ಕೆಡದು ಎಂಬುದು ಆಮೇಲೆ ಹೊಳೆಯಿತು. ಭಾರತ ಅದನ್ನು ನಿಯಂತ್ರಿಸುವ ಆದೇಶ ಹೊರಡಿಸಿದ್ದು 2016ರಲ್ಲಿ. ದೇಶದಲ್ಲಿ ಈ ಎಣ್ಣೆಯನ್ನು ಪತ್ತೆ ಹಚ್ಚುವ ಕೆಲಸದ ಹೊಣೆ ಹೊತ್ತದ್ದು ನಮ್ಮ ಸದಾಶಿವನಗರದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯೇ. ಪರೀಕ್ಷಿಸುವವರು ಇದೇ ಊರಿನಲ್ಲಿದ್ದಾರೆ ಎಂದಾಯಿತು.

ಇಷ್ಟೆಲ್ಲ ಹೇಳಿದ ಮೇಲೆ, ಹಾಗಾದರೆ ಅಂಥ ಜಾಗದ ತಂಟೆಗೇ ಹೋಗಬೇಡಿ ಎನ್ನುತ್ತೀರಾ ಎಂದು ಕೇಳಿದರೆ, ಇಲ್ಲ. ಅಲ್ಲೇ ಕಟ್ಟಬೇಕು. ಮೂವತ್ತು ನಲವತ್ತರ ಸೈಟುಗಳಾಗಿ ಚೂರುಚೂರಾದ ಈ ಊರಿನಲ್ಲಿ ಒಂದೇ ಕೈಯಲ್ಲಿರುವ ಇಪ್ಪತ್ತು ಎಕರೆ ಸಿಗುವುದು ಹಳೇ ಕಾರ್ಖಾನೆಯಲ್ಲಿ ಮಾತ್ರ. ಅಲ್ಲಿ ಕಟ್ಟದಿದ್ದರೆ ಸರ್ಜಾಪುರದಾಚೆ, ಹೊಸಕೋಟೆಯಾಚೆ ದ್ರಾಕ್ಷಿ ತೋಟ ಕಿತ್ತು ಕಟ್ಟುತ್ತೇವೆ, ಆಮೇಲೆ ಅಲ್ಲಿಂದ ಮಾರತ್ತಹಳ್ಳಿಗೆ ಬರಲು ದಿನಕ್ಕೆ ಮೂರು ತಾಸು ಕಾರಿನಲ್ಲಿ ಕೂತು ಬೈದುಕೊಳ್ಳುತ್ತೇವೆ. ಮೆಟ್ರೊ ನಿಲ್ದಾಣದ 150 ಮೀಟರ್ ಒಳಗೆ ಜಾಗದ ನಾಲ್ಕು ಪಟ್ಟು ಕಟ್ಟಲು 2015ರ ಮಾಸ್ಟರ್ ಪ್ಲಾನ್ ಅವಕಾಶ ಕೊಟ್ಟಿದ್ದು ಈ ಕಾರಣಕ್ಕೇ. ನಿಲ್ದಾಣದಿಂದ ಎಷ್ಟು ಮೀಟರ್ ಎಂಬುದು ಕಾನೂನಿಗೆ ಗೊತ್ತು, ಮಾರುವ ಹುಡುಗನಿಗೆ ಗೊತ್ತು, ಕೊಳ್ಳುವವನಿಗೂ ಬಾಯಿಪಾಠ. ನಿಲ್ದಾಣದತ್ತ ಅಳೆಯುವ ಈ ಟೇಪನ್ನು ಒಮ್ಮೆ ಕೆಳಕ್ಕೂ ಇಳಿಬಿಡಿ ಎಂಬುದಷ್ಟೇ ನನ್ನ ತಕರಾರು.

ಲಂಡನ್ನಿನವರು ಇಳಿಬಿಟ್ಟರು. 2012ರ ಒಲಿಂಪಿಕ್ಸ್‌ಗೆ ಆರಿಸಿಕೊಂಡ ಸ್ಟ್ರಾಟ್‌ಫರ್ಡ್ ಸುತ್ತಲಿನ ಎರಡೂವರೆ ಚದರ ಕಿಲೋಮೀಟರ್ ಜಾಗ ಶತಮಾನದ ಕೈಗಾರಿಕೆಗಳ ಕೊಳೆ ತುಂಬಿದ್ದು. ಅಲ್ಲೇ ಒಂದು ‘ಮಣ್ಣಿನ ಆಸ್ಪತ್ರೆ’ ತೆರೆದರು. ಹೆಸರು ಅವರದೇ, ನನ್ನ ಅಲಂಕಾರವಲ್ಲ. ಅಗೆದ ಮಣ್ಣನ್ನು ಜರಡಿ ಹಿಡಿದು, ತೊಳೆದು, ಕೆಲವನ್ನು ಸೂಕ್ಷ್ಮಜೀವಿಗಳಿಗೆ ಉಣಿಸಿ, ಬಹುಪಾಲನ್ನು ಅಲ್ಲೇ ಮತ್ತೆ ಹಾಸಿದರು. ಕ್ರೀಡಾಪಟುಗಳು ಉಳಿದಿದ್ದ ವಸತಿಗಳು ಈಗ ಜನ ವಾಸವಿರುವ ಮನೆಗಳು, ರೈಲು ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ. ಪೀಣ್ಯದ ಕ್ರೋಮಿಯಂಗೂ ಮದ್ದಿಲ್ಲವೆಂದಲ್ಲ. ಕಬ್ಬಿಣದ ಲವಣ ಬೆರೆಸಿದರೆ ಓಡಾಡುವ ಹೆಕ್ಸಾವೇಲೆಂಟು ಕೂತಲ್ಲೇ ಕೂರುವ ಟ್ರೈವೇಲೆಂಟ್ ಆಗುತ್ತದೆ. ರಸಾಯನಶಾಸ್ತ್ರದ ವಿದ್ಯಾರ್ಥಿಗೂ ಗೊತ್ತಿರುವ ಕ್ರಿಯೆ. ಎಕರೆಗೆ 39 ಕೋಟಿ ಕೊಡಬಲ್ಲ ಮಾರುಕಟ್ಟೆಗೆ ಈ ಖರ್ಚು ಹೊರಲಾಗದ ಹೊರೆಯಾಗಲಾರದು.

ಕೇಳದೆ ಕಟ್ಟಿದವರ ಕಥೆಗಳೂ ಇವೆ. ಅಮೆರಿಕದ ನಯಾಗರ ಫಾಲ್ಸ್ ಊರಿನ ಲವ್ ಕೆನಾಲ್ ಎಂಬ ಹಳೆಯ ಕಾಲುವೆಯಲ್ಲಿ ಹೂಕರ್ ಕೆಮಿಕಲ್ ಕಂಪನಿ 1942ರಿಂದ 1953ರವರೆಗೆ ಸುಮಾರು 20 ಸಾವಿರ ಟನ್ ರಾಸಾಯನಿಕ ತ್ಯಾಜ್ಯ ಹೂತಿತು. ಆಮೇಲೆ ಜಾಗವನ್ನು ಊರಿನ ಶಾಲಾ ಮಂಡಳಿಗೆ ಒಂದು ಡಾಲರಿಗೆ ಮಾರಿತು. ಕ್ರಯಪತ್ರದಲ್ಲಿ, ಇಲ್ಲಿ ರಾಸಾಯನಿಕ ಹೂತಿದ್ದೇವೆ, ಮುಂದಿನದಕ್ಕೆ ನಾವು ಹೊಣೆಯಲ್ಲ ಎಂದು ಬರೆದೂ ಇತ್ತು. ಶಾಲೆ ಎದ್ದಿತು. ಸುತ್ತ ಮನೆಗಳೆದ್ದವು. ಮನೆ ಕೊಂಡವರ ಕೈಗೆ ಬಂದ ಕಾಗದದಲ್ಲಿ ಆ ಸಾಲು ಇರಲಿಲ್ಲ. ನೆಲಮಾಳಿಗೆಯ ಗೋಡೆಯಿಂದ ಕಪ್ಪು ರಸ ಜಿನುಗತೊಡಗಿ, 1978ರ ಆಗಸ್ಟ್‌ನಲ್ಲಿ ಅಧ್ಯಕ್ಷ ಕಾರ್ಟರ್ ತುರ್ತುಸ್ಥಿತಿ ಘೋಷಿಸಬೇಕಾಯಿತು. 1980ರ ಸೂಪರ್‌ಫಂಡ್ ಕಾಯ್ದೆ ಹುಟ್ಟಿದ್ದು ಅದರಿಂದ. ನೆದರ್‌ಲ್ಯಾಂಡ್ಸ್‌ನ ಲೆಕರ್‌ಕೆರ್ಕ್ ಊರಿನವರಿಗೆ ಅದೇ 1980ರಲ್ಲಿ ತಮ್ಮ ಹೊಸ ಬಡಾವಣೆಯಡಿ ಡ್ರಮ್ಮುಗಟ್ಟಲೆ ದ್ರಾವಕ ಇದೆಯೆಂದು ಗೊತ್ತಾದದ್ದು ಕುಡಿಯುವ ನೀರಿನ ಪ್ಲಾಸ್ಟಿಕ್ ಪೈಪು ಕರಗಿ ಹಾಳಾದಾಗ. ಸುಮಾರು 270 ಮನೆ ಖಾಲಿ ಮಾಡಿಸಿದರು. ಇಂದು ಡಚ್ಚರು ಯಾವ ವಿಳಾಸದ ಮಣ್ಣಿನ ಚರಿತ್ರೆಯನ್ನಾದರೂ ಸರ್ಕಾರಿ ಜಾಲತಾಣದಲ್ಲಿ ಪುಕ್ಕಟೆ ನೋಡಬಹುದು. ನಾವು ಕಾವೇರಿ ಆನ್‌ಲೈನ್‌ನಲ್ಲಿ ಇ.ಸಿ. ತೆಗೆದಷ್ಟೇ ಸಲೀಸಾಗಿ.

ನಮ್ಮಲ್ಲೂ ಕಾನೂನು ಬಂದಿದೆ, ತಡವಾಗಿ. ಕಲುಷಿತ ತಾಣಗಳ ನಿರ್ವಹಣೆಯ ನಿಯಮಗಳು ಕೇಂದ್ರದಿಂದ ಹೊರಬಿದ್ದಿದ್ದು 2025ರ ಜುಲೈನಲ್ಲಿ. ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಶಂಕಿತ ತಾಣಗಳ ವರದಿ ಕೊಡಬೇಕು. ರಾಜ್ಯ ಮಂಡಳಿ 90 ದಿನದಲ್ಲಿ ಪ್ರಾಥಮಿಕ ಪರಿಶೀಲನೆ, ಮತ್ತೆ ಮೂರು ತಿಂಗಳಲ್ಲಿ ವಿವರವಾದ ಸಮೀಕ್ಷೆ ಮುಗಿಸಬೇಕು. ಕೆಡಿಸಿದವನಿಂದಲೇ ಖರ್ಚು ವಸೂಲಿ. ಆಗ ದೇಶದಲ್ಲಿ ಗುರುತಿಸಿದ್ದ ಕಲುಷಿತ ತಾಣ 103. ಶುದ್ಧೀಕರಣ ಶುರುವಾಗಿದ್ದು 7ರಲ್ಲಿ. ಗಣಿಗಾರಿಕೆಯ ಮಾಲಿನ್ಯ ಈ ನಿಯಮದ ಹೊರಗೆ. ಅಲ್ಲಿಗೆ 2001ರಲ್ಲಿ ಮುಚ್ಚಿದ ಕೆಜಿಎಫ್‌ನ ಸೈನೈಡ್ ದಿಬ್ಬಗಳು ಹೊರಗುಳಿದವು. ದಿನ ಬೆಳಗಾದರೆ ಮಾರಿಕುಪ್ಪಂ ರೈಲು ಹತ್ತಿ ವೈಟ್‌ಫೀಲ್ಡ್, ಕೆ.ಆರ್. ಪುರದಲ್ಲಿ ಇಳಿದು ನಮ್ಮ ಕಚೇರಿಗಳನ್ನು ನಡೆಸುವವರು ಆ ದಿಬ್ಬಗಳ ದೂಳಿನ ಪಕ್ಕದಿಂದಲೇ ಬರುವವರು. ಕಸದ ಗುಡ್ಡಗಳಿಗೂ ಬೇರೆ ನಿಯಮವಿದೆಯೆಂದು ವಿನಾಯಿತಿ, ಅಂದರೆ ಊರವರ ಹೋರಾಟದಿಂದ 2014ರ ಕೊನೆಗೆ ಬಾಗಿಲು ಹಾಕಿದ ಮಂಡೂರೂ ಈ ಲೆಕ್ಕಕ್ಕೆ ಸಿಗುವುದಿಲ್ಲ.

ನಿಯಮದಲ್ಲಿ ಕಾಣದ ಇನ್ನೊಂದು ದಾರಿ ಟಿಪ್ಪರ್ ಲಾರಿಯದ್ದು. ಈ ಭಾಗದಲ್ಲಿ ಎರಡು ಮೂರು ಬೇಸ್‌ಮೆಂಟ್ ಇಲ್ಲದ ಅಪಾರ್ಟ್‌ಮೆಂಟೇ ಇಲ್ಲ. ಹತ್ತು ಹನ್ನೆರಡು ಮೀಟರ್ ತೋಡಿದ ಮಣ್ಣು ರಾತ್ರಿ ಹತ್ತರ ಮೇಲೆ ಲಾರಿಗಳಲ್ಲಿ ಹೊರಡುತ್ತದೆ. ಅದು ತಗ್ಗು ಸೈಟು ಎತ್ತರಿಸಲು ಹೋಗುತ್ತದೆ, ರಾಜಕಾಲುವೆಯ ಅಂಚಿಗೆ ಹೋಗುತ್ತದೆ, ಕೆರೆಯಂಗಳಕ್ಕೆ ಹೋಗುತ್ತದೆ. ಕಾರ್ಖಾನೆ ಜಾಗದ ಮಣ್ಣಾದರೆ ಅದರ ಬಾಕಿಯೂ ಲಾರಿ ಹತ್ತಿತೆಂದೇ ಲೆಕ್ಕ. ಅಪಾಯಕಾರಿ ತ್ಯಾಜ್ಯ ಹೂಳಲು ದಾಬಸ್‌ಪೇಟೆಯಲ್ಲಿ ವ್ಯವಸ್ಥೆಯಿದೆ. ಆದರೆ ಮಣ್ಣು ಅಪಾಯಕಾರಿ ಎಂದು ಹೇಳುವ ಪರೀಕ್ಷೆಯೇ ಆಗದಿದ್ದರೆ ಅದು ಬರೀ ಮಣ್ಣು, ಲೋಡಿಗಿಷ್ಟು ಎಂದು ಮಾರಾಟವಾಗುವ ಸರಕು.

ಮತ್ತೆ, ಹಾಳು ಜಾಗದ ಮೊದಲ ನಿವಾಸಿಗಳು ಫ್ಲ್ಯಾಟಿನವರಲ್ಲ. ಮುನ್ನೇಕೊಳಾಲ, ಕರಿಯಮ್ಮನ ಅಗ್ರಹಾರದ ಖಾಲಿ ಜಾಗಗಳಲ್ಲಿ ನೀಲಿ ಟಾರ್ಪಾಲಿನ್ನಿನ ಶೆಡ್ಡುಗಳಿವೆ. ಮನೆಗೆಲಸದವರು, ಕಸ ವಿಂಗಡಿಸುವವರು, ವೈರು ಸುಟ್ಟು ತಾಮ್ರ ತೆಗೆಯುವವರು ವಾಸಿಸುವುದು ಅಲ್ಲೇ. 2020ರ ಜನವರಿಯಲ್ಲಿ ಕರಿಯಮ್ಮನ ಅಗ್ರಹಾರದ ಶೆಡ್ಡುಗಳನ್ನು ಒಡೆದಾಗ, ಹಾಗೆ ಒಡೆದದ್ದು ಸರಿಯಲ್ಲವೆಂದು ಹೈಕೋರ್ಟ್ ಹೇಳಬೇಕಾಯಿತು. ಕೊಳೆತ ನೆಲದಲ್ಲಿ ವರ್ಷಗಟ್ಟಲೆ ಇದ್ದವರು ಇವರು. ಅದೇ ನೆಲ ಶುದ್ಧವಾಗಿ, ಮೆಟ್ರೊ ಪಕ್ಕದ ಮನೆಯಾಗಿ ಎದ್ದ ದಿನ ಅದರ ಬಾಗಿಲೊಳಗೆ ಇವರು ಹೋಗುವುದು ಪಾತ್ರೆ ತೊಳೆಯಲಿಕ್ಕೆ ಮಾತ್ರ. ಎನ್‌ಜಿಇಎಫ್‌ನಂಥ ಸರ್ಕಾರಿ ಜಾಗದಲ್ಲಾದರೂ ಈ ಲೆಕ್ಕವನ್ನು ಬೇರೆ ಮಾಡಬಹುದಿತ್ತು.

ಪರಿಚಿತರ ವಿಚಾರಕ್ಕೆ ಬಂದರೆ, ಅವರು ಮುಂಗಡ ಕೊಡುವ ಮುನ್ನ ಒಂದು ಭಾನುವಾರ ನಾವಿಬ್ಬರೂ ಜಾಗ ನೋಡಲು ಹೋದೆವು. ಸೈಟ್ ಆಫೀಸಿನಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಥರ್ಮಾಕೋಲಿನ ಗೋಪುರಗಳು, ಹಸಿರು ಸ್ಪಂಜಿನ ಮರಗಳು, ಪುಟ್ಟ ಮೆಟ್ರೊ ಕೂಡ. ಕೇಳಿದ್ದಕ್ಕೆಲ್ಲ ಬ್ರೋಷರ್ ಕೊಟ್ಟರು. ಹೊರಗೆ ಬಂದು ಎದುರಿನ ಟೀ ಅಂಗಡಿಯಲ್ಲಿ ಕೂತೆವು. ಅಂಗಡಿಯಾತ ಹಾಸನದ ಕಡೆಯವರು, ಆ ಮೂಲೆಯಲ್ಲಿ ಇಪ್ಪತ್ತು ವರ್ಷದಿಂದ ಇದ್ದಾರಂತೆ. ಇಲ್ಲಿ ಏನಿತ್ತು ಎಂದು ಕೇಳಿದ್ದಕ್ಕೆ ಪಾತ್ರೆಯಿಂದ ತಲೆ ಎತ್ತದೆ ಬೆರಳಿನಲ್ಲೇ ತೋರಿಸಿದರು. ‘ಆ ಗೇಟ್ ಹತ್ರ ಪೌಡರ್ ಕೋಟಿಂಗು. ಹಿಂದ್ಗಡೆ ಪ್ಲೇಟಿಂಗ್ ಶೆಡ್ಡು ಎರಡು. ಈ ಕಡೆ ಬರೀ ಗೋಡೌನು.’ ಬೇಸ್‌ಮೆಂಟ್ ತೋಡುವಾಗ ಮಣ್ಣು ಯಾವ ಬಣ್ಣ ಇತ್ತು ಎಂದು ಪರಿಚಿತರು ಕೇಳಿದರು. ಆತ ಈಗ ತಲೆ ಎತ್ತಿದರು.

‘ಮುಂದ್ಗಡೆ ಕೆಂಪು ಸಾರ್. ಹಿಂದ್ಗಡೇದು ನಾನ್ ನೋಡ್ಲಿಲ್ಲ, ಅದನ್ನ ರಾತ್ರೀನೇ ಸಾಗಿಸಿದ್ರು.’